ಬೆಸ್ತರ ನೆಮ್ಮದಿ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಒಂದು ವರ್ಣಚಿತ್ರದ ಪ್ರತಿಯನ್ನು ನಾನು ಬಹುಕಾಲದಿಂದ ನನ್ನ ಕೋಣೆಯ ಗೋಡೆಗೆ ತಗುಲಿಹಾಕಿದ್ದೇನೆ. ಬರೆದವನು ನಿಕೊಲಾ ಪೂಸ್ಯಾಂ. ಹುಟ್ಟಿದ್ದು ಫ್ರಾನ್ಸಿನಲ್ಲಿ, ಬಾಳಿದ್ದು ಹೆಚ್ಚಾಗಿ ರೋಮಿನಲ್ಲಿ. ಚಿತ್ರದ ಕಾಲ ಸುಮಾರು 1648. ತಿಳಿನೀರು, ಮರಗಳು, ಆಚೆ ಊರು, ಗುಡ್ಡ, ದೋಣಿಯಲ್ಲಿ ಬೆಸ್ತರು. "ಎಷ್ಟು ಪ್ರಶಾಂತವಾಗಿದೆಯಪ್ಪಾ!" ಎನ್ನುತ್ತಾರೆ ಬಂದವರು. ನಾನು ಮಾತಾಡುವುದಿಲ್ಲ. ಅದರ ಹೆಸರನ್ನೂ ಹೇಳುವುದಿಲ್ಲ. ತುಸು ಹೊತ್ತಿಗೆ ಅವರ ಕಣ್ಣು ತಾನಾಗಿ ಎಡಗಡೆಯ ಕೆಳಮೂಲೆಗೆ ಇಳಿಯುತ್ತದೆ. ಕಾಫಿಯ ಲೋಟವೂ ಕೆಳಗಿಳಿಯುತ್ತದೆ.

ಅಲ್ಲಿ, ನೀರಿನಂಚಿನಲ್ಲಿ, ಸತ್ತುಬಿದ್ದ ಮನುಷ್ಯ. ಅವನ ಮೈಗೆ ಸುತ್ತಿಕೊಂಡ ದೊಡ್ಡ ಹಾವು. ಅದನ್ನು ಕಂಡವನೊಬ್ಬ ಓಡುತ್ತಿದ್ದಾನೆ. ಸ್ವಲ್ಪ ದೂರದಲ್ಲಿ, ಬಟ್ಟೆ ಒಗೆಯುವ ಹೆಂಗಸು ಓಡುವವನನ್ನು ನೋಡಿ ಎರಡು ಕೈಗಳನ್ನೂ ಚಾಚಿದ್ದಾಳೆ. ಹಾವು ಅವಳಿಗೆ ಕಾಣದು. ಬೆಸ್ತರಿಗಂತೂ ಯಾವುದೂ ತಿಳಿಯದು.

ಭಯದ ಬೇರೆಬೇರೆ ಮಟ್ಟಗಳನ್ನು ತೋರಿಸುವ ಚಿತ್ರವೆಂದು ವಿಮರ್ಶಕರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಇರಬಹುದು. ನನ್ನನ್ನು ಕಾಡಿದವರು ಮಾತ್ರ ಆ ಬೆಸ್ತರು. ಅವರ ನೆಮ್ಮದಿ ನಿಜವಾದದ್ದೇ, ಸುಳ್ಳೇ?

ಒಮ್ಮೆ ನಮ್ಮ ಮನೆಯಲ್ಲಿ ಮಗಳ ಹುಟ್ಟುಹಬ್ಬ. ರಾತ್ರಿ ಹತ್ತರವರೆಗೆ ಹಾಡು, ನಗು. ಒಂದೇ ಗೋಡೆಯ ಆಚೆಗೆ, ಅದೇ ಹೊತ್ತಿನಲ್ಲಿ, ಪಕ್ಕದ ಮನೆಯ ಅಜ್ಜಿ ತೀರಿಕೊಂಡಿದ್ದರು. ನಮಗೆ ತಿಳಿದದ್ದು ಬೆಳಗ್ಗೆ. ನನ್ನ ಹೆಂಡತಿ ಬಹಳ ದಿನ ಆ ಮನೆಯವರ ಮುಖ ನೋಡಲಾರದೆ ಹೋದಳು. "ನಮಗೆ ಗೊತ್ತಿರಲಿಲ್ಲವಲ್ಲ" ಎಂದೆ. "ಗೋಡೆ ಅಷ್ಟು ದಪ್ಪವೇನಲ್ಲಾಂದ್ರೆ" ಎಂದಳು.

ತಿಳಿಯದಿರುವುದು ತಪ್ಪಲ್ಲವೆಂದು ಆಗ ವಾದಿಸಿದೆ. ಈಗಲೂ ಅರ್ಧ ಹಾಗೆಯೇ ಅನ್ನಿಸುತ್ತದೆ. ಲೋಕದ ಸಾವುಗಳನ್ನೆಲ್ಲ ಎದೆಗೆ ತಂದುಕೊಂಡವನು ಬಲೆ ಬೀಸಲಾರ. ಊರಿಗೆ ಮೀನು ಬೇಕಲ್ಲವೆ? ಆದರೆ ನಾನು ಇಷ್ಟು ವರ್ಷ ಬೆಸ್ತರನ್ನೇ ನೋಡುತ್ತಿದ್ದು, ಆ ಹೆಂಗಸನ್ನು ಸರಿಯಾಗಿ ನೋಡಿದ್ದು ಈಚೆಗೆ. ಏನಾಯಿತೆಂಬುದು ಅವಳಿಗೂ ಗೊತ್ತಿಲ್ಲ. ಓಡಿಬರುವವನನ್ನು ನೋಡಿದಷ್ಟಕ್ಕೇ ಅವಳ ಕೈ ಚಾಚಿವೆ, ಒಗೆಯುವ ಕೆಲಸ ನಿಂತಿದೆ. ಬೆಸ್ತರು ತಪ್ಪಿತಸ್ಥರಲ್ಲ, ಒಪ್ಪಿದೆ. ಅವರಿಗೂ ಸಾವಿಗೂ ನಡುವೆ ಅಷ್ಟು ನೀರಿದೆ. ನಮಗಿದ್ದದ್ದು ಒಂದು ಗೋಡೆ. ಅಂದು ಸಂಜೆಯಿಂದ ಅಜ್ಜಿಯ ಕೆಮ್ಮು ಅದರಾಚೆಯಿಂದ ಕೇಳಿಸುತ್ತಲೇ ಇತ್ತು. ಹಾಡು ಶುರುವಾದಮೇಲೆ ನಾನೇ ಎದ್ದು ಕಿಟಕಿ ಮುಚ್ಚಿದ್ದೆ.