ಕಾಫಿಯೂ ಪ್ರಸಾದವಾಗಬಲ್ಲುದೆ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಭಾಗದ ಭಕ್ತರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯೊಂದುಂಟು: ಲಿಂಗಪೂಜೆಗೆ ಮುನ್ನ ಕಾಫಿ ಕುಡಿಯಬಹುದೆ? ಹಿರಿಯರು ಕೂಡದೆನ್ನುವರು. ಕಿರಿಯರು ಅದೇನು ಊಟವೆ, ಬರಿಯ ಪಾನೀಯವಲ್ಲವೆ ಎನ್ನುವರು. ಪ್ರಶ್ನೆ ಚಿಕ್ಕದಾಗಿ ಕಂಡರೂ ಪ್ರಸಾದತತ್ತ್ವದ ಬುಡವನ್ನೇ ಮುಟ್ಟುವಂಥದು.

ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕಾಫಿ ಬಂದಿರಲಿಲ್ಲ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಅರಬ್ ನಾಡಿನ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಆದುದರಿಂದ ಶರಣರು ಕಾಫಿಯನ್ನು ಹೆಸರಿಟ್ಟು ವಿಧಿಸಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ನಾವು ತತ್ತ್ವವನ್ನು ಹಿಡಿದೇ ನಿರ್ಣಯಿಸಬೇಕು. ತತ್ತ್ವವಾದರೋ ಸ್ಪಷ್ಟವಾಗಿದೆ. ಲಿಂಗಕ್ಕೆ ಅರ್ಪಿತವಾದುದು ಪದಾರ್ಥತ್ವವನ್ನು ಕಳೆದುಕೊಂಡು ಪ್ರಸಾದವಾಗುತ್ತದೆ. ಅನರ್ಪಿತವು ಪದಾರ್ಥವಾಗಿಯೇ ಉಳಿಯುತ್ತದೆ. ಅನರ್ಪಿತವಾದ ಹಾಲಿಗಿಂತ ಅರ್ಪಿತವಾದ ಕಾಫಿಯೇ ಮೇಲು. ಕಾಫಿಗೆ ವಿಶೇಷ ನಿಂದೆಯೂ ಬೇಡ, ವಿಶೇಷ ರಿಯಾಯಿತಿಯೂ ಬೇಡ.

“ಎದ್ದೊಡನೆ ಕಾಫಿಯಿಲ್ಲದಿದ್ದರೆ ತಲೆ ಸಿಡಿಯುತ್ತದೆ” ಎನ್ನುವವರುಂಟು. ರೋಗಿಗಳ, ವೃದ್ಧರ ಮಾತು ಬೇರೆ. ಉಳಿದವರಿಗೆ ಆ ತಲೆನೋವೇ ಒಂದು ಎಚ್ಚರಿಕೆ. ನಾವು ಕಾಫಿಯನ್ನು ಕುಡಿಯುತ್ತಿದ್ದೇವೆಯೋ, ಕಾಫಿಯೇ ನಮ್ಮನ್ನು ಆಳುತ್ತಿದೆಯೋ ಎಂಬುದನ್ನು ಅದು ತೋರಿಸುತ್ತದೆ. ಇದಕ್ಕೆ ಪರಿಹಾರವು ಕಾಫಿ ಇಳಿಸುವ ಕ್ರಮದಲ್ಲಿಯೇ ಇದೆ. ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ಪುಡಿ ಹಾಕಿ, ಮೊದಲು ತುಸು ಬಿಸಿನೀರು ಎರೆದು ಪುಡಿಯನ್ನು ನೆನೆಸಬೇಕು. ಅದು ಉಬ್ಬಿದ ಮೇಲೆ ಉಳಿದ ನೀರನ್ನು ಮೆಲ್ಲನೆ ಸುತ್ತ ಸುರಿಯಬೇಕು. 1908ರಲ್ಲಿ ಜರ್ಮನಿಯ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ತೂತಿನ ಹಿತ್ತಾಳೆ ಪಾತ್ರೆಯಲ್ಲಿ ಮಗನ ಪುಸ್ತಕದ ಒತ್ತುಕಾಗದವನ್ನಿಟ್ಟು ಕಾಫಿ ಸೋಸಿದಳು. ಕಾಗದದಲ್ಲಿ ಮೂರು ನಾಲ್ಕು ನಿಮಿಷ ಸಾಕು. ನಮ್ಮ ಫಿಲ್ಟರಿಗೆ ಕಾಲು ಗಂಟೆಯಾದರೂ ಬೇಕು. ಎರಡರಲ್ಲಿಯೂ ಆತುರ ನಡೆಯದು. ಅವಸರಿಸಿದರೆ ನೀರು ಇಳಿಯುತ್ತದೆ, ಸಾರ ಇಳಿಯದು. ನೀರೆರೆದು ಮುಚ್ಚಿಟ್ಟು ಸ್ನಾನಕ್ಕೆ ನಡೆಯಿರಿ. ವಿಭೂತಿ ಧರಿಸಿ ಲಿಂಗಪೂಜೆಗೆ ಕುಳಿತುಕೊಳ್ಳಿರಿ. ಪೂಜೆ ಮುಗಿಯುವ ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತದೆ. ಅದನ್ನು ಹಾಲಿನೊಡನೆ ಬೆರೆಸಿ ಅರ್ಪಿಸಿ ಸ್ವೀಕರಿಸಿದರೆ ನೇಮಕ್ಕೆ ಭಂಗವೆಲ್ಲಿ?

ಆದರೆ ಇಲ್ಲಿಗೆ ಪ್ರಶ್ನೆ ಮುಗಿಯದು. ಇದಕ್ಕಿಂತ ಕಠಿಣವಾದುದು ಮುಂದಿದೆ.

ನಾನು ಬೆಳೆದ ಮನೆಯಲ್ಲಿ ಪೂಜೆ ಒಂದು ದಿನವೂ ತಪ್ಪಿದ್ದಿಲ್ಲ. ಆದರೆ ಹೊಲದ ಕೆಲಸಕ್ಕೆ ಬರುತ್ತಿದ್ದವರಲ್ಲಿ ಕೆಲವರಿಗೆ ಕಾಫಿ ಕೊಡಲು ಹೊರಗೋಡೆಯ ಗೂಡಿನಲ್ಲಿ ಬೇರೆ ಲೋಟವಿರುತ್ತಿತ್ತು. ಕುಡಿದವರೇ ಅದನ್ನು ತೊಳೆದು ಅಲ್ಲಿಯೇ ಇಡಬೇಕು. ಕೊರಳಲ್ಲಿ ಲಿಂಗ ಧರಿಸಿದ ನಾನೂ ಆ ಲೋಟಕ್ಕೆ ತಾಗದಂತೆ ಎತ್ತರದಿಂದ ಕಾಫಿ ಸುರಿದಿದ್ದೇನೆ. ಒಳಗಿನವರಿಗೂ ಹೊರಗಿನವರಿಗೂ ಡಿಕಾಕ್ಷನ್ ಇಳಿದದ್ದು ಒಂದೇ ಫಿಲ್ಟರಿನಿಂದ. ಹಾಲು ಕರೆದದ್ದು ಒಂದೇ ಎಮ್ಮೆಯಿಂದ. ಲಿಂಗಕ್ಕೆ ಅರ್ಪಿತವಾದ ಮೇಲೆ ಅದರಲ್ಲಿ ಭೇದವೆಲ್ಲಿಂದ ಬಂತು? ಇದನ್ನು ನನಗೆ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ಜಾತಿ, ಜನನ, ಪ್ರೇತ, ರಜಸ್ಸು, ಎಂಜಲು ಎಂಬ ಪಂಚಸೂತಕಗಳನ್ನು ಒಲ್ಲದ ಧರ್ಮ ನಮ್ಮದು. ಹರಳಯ್ಯ, ಮಧುವರಸರು ಮಕ್ಕಳ ಮದುವೆ ಮಾಡಿ ಜಾತಿಯ ಗೋಡೆಯನ್ನು ಒಡೆದುದಕ್ಕೆ ಪ್ರಾಣವನ್ನೇ ತೆತ್ತರು. ಅವರ ಹೆಸರು ಹೇಳುವ ನಾವು ಗೂಡಿನ ಲೋಟವನ್ನು ಒಡೆಯಲಾರೆವೆ? 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಕಾಯಿದೆ ಅದನ್ನು ಶಿಕ್ಷಾರ್ಹ ಅಪರಾಧವೆಂದಿತು. ಕಾಯಿದೆಗೆ ಅಂಜಿ ಗೂಡನ್ನು ಬರಿದು ಮಾಡಿದರೆ ಸಾಲದು. ಮನೆಯವರಿಗೆಲ್ಲ ಸ್ಟೀಲಿನ ಲೋಟ, ಕೆಲಸದವರಿಗೆ ಮಾತ್ರ ಬಿಸಾಡುವ ಕಾಗದದ ಲೋಟವಾದರೆ, ಅದು ಹಳೆಯ ಗೂಡೇ ಹೊಸ ವೇಷ ಧರಿಸಿ ಬಂದಂತೆ.

ನಾವು ಕುಡಿಯುವ ಕಾಫಿಯಲ್ಲಿ ಎಷ್ಟು ಜನರ ಕಾಯಕವಿಲ್ಲ! ಬೀಜ ತಂದವರು ಒಬ್ಬ ಮುಸ್ಲಿಂ ಸಂತರು. ಮಲೆನಾಡಿನ ತೋಟದಲ್ಲಿ ಹಣ್ಣು ಬಿಡಿಸಿದ ಕೈ ಯಾವ ಕುಲದ್ದೆಂದು ನಾವು ಕೇಳಿಲ್ಲ, ಕೇಳಿ ಕುಡಿಯುವುದೂ ಇಲ್ಲ. ಬರುವಾಗ ಎಲ್ಲರ ಕೈಯಿಂದ ಬಂದುದು ಹೋಗುವಾಗ ಮಾತ್ರ ಕೆಲವರ ಕೈಗೆ ತಾಗಬಾರದೆಂಬುದು ಯಾವ ಆಚಾರ?

ಆದುದರಿಂದ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಪೂಜೆ ಮುಗಿಯುವವರೆಗೆ ಕಾಯಿರಿ. ಕಾಫಿ ತಾನಾಗಿ ಇಳಿಯಲಿ. ಅರ್ಪಿಸಿರಿ. ಬಳಿಕ ಬಾಗಿಲಿಗೆ ಬಂದವರನ್ನು ಒಳಗೆ ಕರೆದು, ನೀವು ಕುಡಿಯುವ ಲೋಟದಂಥ ಲೋಟದಲ್ಲಿಯೇ, ಕೈಗೆ ಕೈ ತಾಗುವಂತೆ ಕೊಡಿರಿ. ಅರ್ಪಣೆ ಕರಸ್ಥಲದಲ್ಲಿ ಆರಂಭವಾಗುತ್ತದೆ. ಅದು ಪೂರ್ಣವಾಗುವುದು ಬೇರೊಬ್ಬರ ಕೈಯಲ್ಲಿ. ಆಗ ಕಾಫಿಯೂ ಪ್ರಸಾದವಾದೀತು.