ಜೋಡಿಸುವ ಕೈಗಳ ಹೊಣೆ



ಭಾಲ್ಕಿಯಿಂದ ಕಡಲನ್ನು ಕಾಣಬೇಕಾದರೆ ಕಡಿಮೆಯೆಂದರೂ ನಾನೂರು ಕಿಲೋಮೀಟರು ಸಾಗಬೇಕು. ಕಾರಂಜಾ ಜಲಾಶಯವೇ ನಮ್ಮ ಮಕ್ಕಳು ಕಂಡ ಅತಿ ದೊಡ್ಡ ನೀರು. ಅಂತಹ ಊರಿನ ಮನೆಯೊಂದರ ಪಡಸಾಲೆಯಲ್ಲಿ ಕೆಲವು ಕಾಲದ ಹಿಂದೆ 200 ಲೀಟರಿನ ಪುಟ್ಟ ಕಡಲೊಂದು ಸಿದ್ಧವಾಯಿತು. ಹೈದರಾಬಾದಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಿರುವ ನನ್ನ ತಂಗಿಯ ಮಗ ಅದನ್ನು ಕಟ್ಟಿದವನು. ಕೊಳವೆಬಾವಿಯ ಗಡಸು ನೀರನ್ನು ಶುದ್ಧಗೊಳಿಸಿ, ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣವನ್ನು ಕರಗಿಸಿ, ಕಲ್ಲುಗಳನ್ನು ಜೋಡಿಸಿ, ಎರಡು ಕ್ಲೌನ್ ಮೀನುಗಳನ್ನು ತಂದು ಬಿಟ್ಟಿದ್ದ. ಕೇಸರಿ ಮೈಗೆ ಬಿಳಿಯ ಪಟ್ಟೆ ಧರಿಸಿದ ಆ ಮೀನುಗಳನ್ನು ನೋಡಲು ಓಣಿಯ ಮಕ್ಕಳೆಲ್ಲ ಬರುತ್ತಿದ್ದರು.

ನಾನೂ ನೋಡಿದೆ. ನೋಡಿ ಸುಮ್ಮನಿರಲಿಲ್ಲ. 2003ರಲ್ಲಿ ತೆರೆಕಂಡ ಮಕ್ಕಳ ಚಲನಚಿತ್ರವೊಂದರಿಂದಾಗಿ ಈ ಮೀನು ಕಡಲ ಅನಿಮೋನ್‌ನ ಮಡಿಲಲ್ಲಿ ವಾಸಿಸುವ ಚಿತ್ರ ಲೋಕಪ್ರಸಿದ್ಧವಾಗಿದೆಯಷ್ಟೆ. “ಆ ಹೂವಿನಂಥಾ ಪ್ರಾಣಿ ಇಲ್ಲದೆ ಈ ಮೀನು ಅರ್ಧಾ ಕಾಣ್ತಾವಲ್ಲೋ” ಎಂದೆ. “ತೊಟ್ಟಿಗಿನ್ನಾ ಎರಡೇ ತಿಂಗಳಾಗ್ಯದ ಮಾಮಾ, ತಡೀರಿ” ಎಂದ ಅವನು. ಮಕ್ಕಳೂ ನನ್ನೊಡನೆ ದನಿಗೂಡಿಸಿದರು. ಮುಂದಿನ ವಾರ ಅನಿಮೋನ್ ಬಂತು.

ಅನಿಮೋನ್ ನೋಡಲು ಹೂವಾದರೂ ನಡೆಯಬಲ್ಲ ಪ್ರಾಣಿ. ತನಗೊಪ್ಪುವ ಬೆಳಕೂ ನೀರಿನ ಸೆಳವೂ ದೊರೆಯದಿದ್ದರೆ ಪಾದವನ್ನು ಸರಿಸುತ್ತ ಜಾಗ ಹುಡುಕುತ್ತದೆ. ಒಂದು ರಾತ್ರಿ ಹಾಗೆ ಹೊರಟದ್ದು ನೀರು ತಿರುಗಿಸುವ ಪಂಪಿನ ಬಾಯಿಗೆ ಸಿಲುಕಿ ಚೂರುಚೂರಾಯಿತು. ಬೆಳಗಾಗುವಷ್ಟರಲ್ಲಿ ನೀರು ಹಾಲಿನಂತಾಗಿತ್ತು. ಸಂಜೆಯೊಳಗೆ ಎರಡು ಮೀನುಗಳೂ ಸತ್ತವು. ಹುಡುಗ ಯಾರನ್ನೂ ದೂರಲಿಲ್ಲ. ಅವನ ಆ ಮೌನದೆದುರು ನನ್ನ ಮಾತು ನನಗೇ ಮತ್ತೆ ಕೇಳಿಸತೊಡಗಿತು. ಅರ್ಧವಾಗಿ ಕಂಡದ್ದು ಮೀನೇ, ಅಥವಾ ನನ್ನ ಕಣ್ಣಿನೊಳಗಿನ ಚಿತ್ರವೇ?

ಈ ಪ್ರಶ್ನೆಯನ್ನೇ ಇಂದು ತಮ್ಮ ಮುಂದಿಡಬಯಸುತ್ತೇನೆ. ಒಂದು ಜೀವಕ್ಕೆ ಇನ್ನೊಂದು ಜೀವವನ್ನು ಜೊತೆಯಾಗಿ ಆರಿಸುವಾಗ ನಾವು ಯಾರ ಅಗತ್ಯವನ್ನು ಪೂರೈಸುತ್ತಿರುತ್ತೇವೆ?

ಸಹಜೀವನ ಎಂಬ ಪದವನ್ನು ಕೇಳಿದೊಡನೆ ನಮಗೆ ಸ್ನೇಹದ ನೆನಪಾಗುತ್ತದೆ. ಆದರೆ ಕಡಲಿನಲ್ಲಿ ಅದರ ಬುಡದಲ್ಲಿರುವುದು ಕೊರತೆ. ಕ್ಲೌನ್ ಮೀನು ಚೆನ್ನಾಗಿ ಈಜಲಾರದು. ಅದನ್ನು ತಿನ್ನುವ ಮೀನುಗಳು ಸುತ್ತಲೂ ಇರುತ್ತವೆ. ಅನಿಮೋನ್‌ನ ಕುಟುಕುವ ಎಸಳುಗಳ ನಡುವೆ ಅದಕ್ಕೆ ರಕ್ಷಣೆ ದೊರೆಯುತ್ತದೆ. ಪ್ರತಿಯಾಗಿ ಅದು ಅನಿಮೋನ್‌ನ್ನು ಕಚ್ಚಿ ತಿನ್ನಬರುವ ಮೀನುಗಳನ್ನು ಓಡಿಸುತ್ತದೆ. ಅದರ ವಿಸರ್ಜನೆಯು ಅನಿಮೋನ್‌ನ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗೆ ಗೊಬ್ಬರವಾಗುತ್ತದೆ. ಸಾವಿರಕ್ಕೂ ಹೆಚ್ಚು ಬಗೆಯ ಅನಿಮೋನ್‌ಗಳಲ್ಲಿ ಸುಮಾರು ಹತ್ತು ಬಗೆಯವು ಮಾತ್ರ ಈ ಮೀನುಗಳಿಗೆ ಆಸರೆಯಾಗುತ್ತವೆ.

ಈಗ ಭಾಲ್ಕಿಯ ಗಾಜಿನ ತೊಟ್ಟಿಯನ್ನು ನೆನೆಯಿರಿ. ಅಲ್ಲಿ ಮೀನನ್ನು ತಿನ್ನುವ ವೈರಿಯೇ ಇರಲಿಲ್ಲ. ನಾವು ತಂದ ಮೀನುಗಳು ಮರಿಕೇಂದ್ರದಲ್ಲಿ ಹುಟ್ಟಿದವು, ಕಡಲನ್ನೇ ಕಂಡವಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನಿನ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸುವ ವಿಧಾನವನ್ನು ನಮ್ಮ ದೇಶದಲ್ಲಿ ರೂಪಿಸಿದ್ದಾರೆ. ಹಾಗೆ ಬೆಳೆದ ಮೀನು ಅನಿಮೋನ್ ಇಲ್ಲದೆಯೂ ಹಲವು ವರ್ಷ ಸುಖವಾಗಿ ಬಾಳಬಲ್ಲದು. ಮಾರಾಟಕ್ಕೆ ಬರುವ ಅನಿಮೋನ್‌ಗಳಾದರೋ ಬಹುಮಟ್ಟಿಗೆ ಕಡಲಿನಿಂದ ಕಿತ್ತು ತಂದವು. ತನ್ನ ತಾಣದಲ್ಲಿ ಹಲವು ದಶಕಗಳ ಕಾಲ ಬದುಕಬಲ್ಲ ಜೀವವನ್ನು, ಅದರ ಅಗತ್ಯವೇ ಇಲ್ಲದ ಮೀನಿನ ಹೆಸರಿನಲ್ಲಿ ನಾವು ತರಿಸಿಕೊಂಡೆವು.

ಇನ್ನೊಂದು ಜೋಡಿಯನ್ನು ಗಮನಿಸಿರಿ. ಕ್ಲೀನರ್ ರಾಸ್ ಎಂಬ ನೀಲಿಪಟ್ಟೆಯ ಪುಟ್ಟ ಮೀನು ಹವಳದ ದಿಬ್ಬದ ಕ್ಷೌರಿಕನಿದ್ದಂತೆ. ದೊಡ್ಡ ಮೀನುಗಳು ಸರತಿಯಲ್ಲಿ ನಿಂತು ಮೈಯನ್ನು ಒಪ್ಪಿಸುತ್ತವೆ. ಅದು ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ಸೇವೆ ಸಲ್ಲಿಸುವುದುಂಟು. ಮನೆಯ ತೊಟ್ಟಿಯಲ್ಲಿರುವುದು ಐದಾರು ಮೀನು. ಅಲ್ಲಿ ಈ ಸೇವಕನು ಹಸಿವಿನಿಂದ ಸೊರಗುವುದೇ ಹೆಚ್ಚು. ಹಸಿವಿನಲ್ಲಿ ಅದು ಆರೋಗ್ಯವಾಗಿರುವ ಮೀನುಗಳ ಮೈಯನ್ನೂ ಕೆದಕತೊಡಗಬಹುದು. ಕಡಲಿನಲ್ಲಿ ಉಪಕಾರವಾಗಿದ್ದದ್ದು ಗಾಜಿನ ನಡುವೆ ಪೀಡೆಯಾಗುತ್ತದೆ. ತಪ್ಪು ಮೀನಿನದಲ್ಲ, ಅದಕ್ಕೆ ತಕ್ಕ ಲೋಕವನ್ನು ಕೊಡದೆ ತಂದವರದು.

ಮೂರನೆಯ ಜೋಡಿಯೊಂದಿದೆ. ಪಿಸ್ತೂಲು ಸಿಗಡಿಗೆ ಕಣ್ಣು ಮಂದ, ಆದರೆ ಬಿಲ ತೋಡುವುದರಲ್ಲಿ ಅದು ನಿಪುಣ. ಗೋಬಿ ಎಂಬ ಮೀನಿಗೆ ಕಣ್ಣು ಚುರುಕು, ಬಿಲ ತೋಡಲು ಬಾರದು. ಸಿಗಡಿ ಮಣ್ಣು ಹೊರಹಾಕುವಾಗ ತನ್ನ ಮೀಸೆಯೊಂದನ್ನು ಮೀನಿನ ಮೈಮೇಲಿಟ್ಟಿರುತ್ತದೆ. ಅಪಾಯ ಕಂಡರೆ ಮೀನು ಬಾಲವನ್ನು ಅಲುಗಿಸುತ್ತದೆ; ಎರಡೂ ಒಳಗೆ ಓಡುತ್ತವೆ. ಈ ಜೋಡಿಗೆ ಬೇಕಾದದ್ದು ಒಂದಿಷ್ಟು ಆಳದ ಮರಳು, ಸಣ್ಣ ಕಲ್ಲುಗಳು, ಮೀನು ಹೊರಗೆ ಜಿಗಿಯದಂತೆ ಮೇಲೊಂದು ಮುಚ್ಚಳ. ತೋಡುವ ಕೆಲಸ, ಕಾವಲಿನ ಕೆಲಸ, ಹಂಚಿಕೊಂಡ ಮನೆ, ಮೂರೂ ತೊಟ್ಟಿಯಲ್ಲಿ ಉಳಿಯುತ್ತವೆ. ಆದರೂ ಯಾವ ಸಿಗಡಿಗೆ ಯಾವ ಗೋಬಿ ಎಂಬುದನ್ನು ಅರಿತೇ ತರಬೇಕು.

ಹೀಗೆ ಆರಿಸುವವನು ಕೇಳಿಕೊಳ್ಳಬೇಕಾದ ಮಾತು ಸರಳವಾದದ್ದು. ಇವೆರಡರಲ್ಲಿ ಒಂದು ಇನ್ನೊಂದಕ್ಕೆ ಕಡಲಿನಲ್ಲಿ ಏನು ಕೊಡುತ್ತಿತ್ತು? ಅದು ಇಲ್ಲಿಯೂ ಬೇಕೇ? ಬೇಕಾದರೆ, ಕೊಡುವ ಜೀವವು ಇಲ್ಲಿ ಬದುಕಬಲ್ಲದೇ?

ಇದು ನಮ್ಮ ಸೀಮೆಯ ರೈತನಿಗೆ ಹೊಸ ವಿಚಾರವಲ್ಲ. ಬೀದರ್ ಜಿಲ್ಲೆಯ ಹೊಲಗಳಲ್ಲಿ ತೊಗರಿಯ ಸಾಲುಗಳ ನಡುವೆ ಸೋಯಾ, ಉದ್ದು, ಹೆಸರು ಬೆಳೆಯುವುದನ್ನು ತಾವು ಕಂಡಿದ್ದೀರಿ. ತೊಗರಿ ಮೊದಲು ನಿಧಾನವಾಗಿ ಬೆಳೆಯುತ್ತದೆ. ಜೊತೆಯ ಬೆಳೆ ಬೇಗ ಕೊಯ್ಲಿಗೆ ಬಂದು ಅದಕ್ಕೆ ಜಾಗ ಬಿಡುತ್ತದೆ. ಆ ತೊಗರಿಯ ಬೇರಿನ ಗಂಟುಗಳಲ್ಲಿ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ, ಗಿಡವು ಅವಕ್ಕೆ ಸಕ್ಕರೆಯನ್ನು ನೀಡುತ್ತದೆ. ಆದರೆ ಕರಿಮಣ್ಣಿನಲ್ಲಿ ದಿನಗಟ್ಟಲೆ ನೀರು ನಿಂತಿತೆನ್ನಿ, ಆ ಗಂಟುಗಳು ಸೊರಗುತ್ತವೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ನಡೆದದ್ದೂ ಇಂಥದೇ. ಕಡಲ ನೀರು ಬಿಸಿಯಾದಾಗ ಹವಳಗಳು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿದವು. ಯಾವ ಜೋಡಿಯೂ ಕೇವಲ ಎರಡರಿಂದ ಆಗುವುದಿಲ್ಲ. ಅವನ್ನು ಹೊತ್ತು ನಿಲ್ಲುವ ಮೂರನೆಯದೊಂದು ಬೇಕು: ನೆಲ, ನೀರು, ಹವೆ. ಗಾಜಿನ ತೊಟ್ಟಿಯಲ್ಲಿ ಆ ಮೂರನೆಯದು ನಾವೇ. ಮೇ ತಿಂಗಳ ಬಿಸಿಲಿನಲ್ಲಿ ಕರೆಂಟು ಹೋದಾಗ ನೀರನ್ನು 26 ಡಿಗ್ರಿಯ ಆಸುಪಾಸಿನಲ್ಲಿ ಉಳಿಸುವುದು, ಆವಿಯಾದಷ್ಟು ಸಿಹಿನೀರನ್ನು ತುಂಬುವುದು, ಊರಿಗೆ ಹೋದಾಗಲೂ ಯಾರನ್ನಾದರೂ ನೇಮಿಸುವುದು ಇವೆಲ್ಲ ಕಡಲು ಮಾಡುತ್ತಿದ್ದ ಕೆಲಸ.

ಹಾಗಾದರೆ ಇಂತಹ ತೊಟ್ಟಿಯೇ ಬೇಡವೆಂದು ತಾವು ಹೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. ನಮ್ಮ ಕಡಲಿನ ಕಲ್ಲುಹವಳಗಳನ್ನು ಕೀಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಆದರೂ ಆ ಎರಡು ಮೀನುಗಳೆದುರು ಉಸಿರು ಬಿಗಿಹಿಡಿದು ಕುಳಿತ ಮಕ್ಕಳ ಮುಖಗಳನ್ನು ನಾನು ಕಂಡಿದ್ದೇನೆ. ಅವರು ಆ ಎರಡು ತಿಂಗಳಲ್ಲಿ ಕಡಲಿನ ಬಗ್ಗೆ ಕೇಳಿದಷ್ಟು ಪ್ರಶ್ನೆಗಳನ್ನು ಹಿಂದೆಂದೂ ಕೇಳಿರಲಿಲ್ಲ. ಸಾಕುವುದೇ ತಪ್ಪೆಂದು ನಾನು ಹೇಳಲಾರೆ. ತಮ್ಮ ಪರವಾಗಿ ಮಾತನಾಡಲಾರದ ಜೀವಗಳಿಗೆ ಜೊತೆಯನ್ನು ಆರಿಸುವವನು, ಅವುಗಳಲ್ಲಿ ದುರ್ಬಲವಾದದ್ದರ ಪಕ್ಷದಲ್ಲಿ ನಿಂತು ಆರಿಸಬೇಕು ಎಂದಷ್ಟೇ ಹೇಳುತ್ತೇನೆ.

ನಮ್ಮ ಮನೆಗಳಲ್ಲಿಯೂ ನಾವು ಆರಿಸುತ್ತಲೇ ಇರುತ್ತೇವೆ. ಹಳ್ಳಿಯಲ್ಲಿ ಒಂಟಿಯಾಗಿರುವ ಅಜ್ಜಿಯನ್ನು, ಮೊಮ್ಮಕ್ಕಳಿಗೆ ಜೊತೆಯಾಗಲೆಂದು ಪಟ್ಟಣದ ನಾಲ್ಕನೆಯ ಮಹಡಿಗೆ ಕರೆತರುತ್ತೇವೆ. ಮಗಳಿಗೆ ವರನನ್ನು ನೋಡುವಾಗ ಇಬ್ಬರೂ ಚೆನ್ನಾಗಿ ಒಪ್ಪುತ್ತಾರೆಂದು ಫೋಟೋವನ್ನು ಹಿಡಿದು ಹರ್ಷಿಸುತ್ತೇವೆ. ಅಜ್ಜಿ, ಮಗಳು ಬಾಯಿಬಿಟ್ಟು ಹೇಳಬಲ್ಲರು. ನಾವು ಕೇಳುತ್ತೇವೆಯೇ? “ತಡೀರಿ” ಎಂದವರ ಮಾತಿಗೆ ನಾವು ನಿಜವಾಗಿ ತಡೆದದ್ದು ಎಷ್ಟು ಸಲ?

ಈ ಬಾರಿ ನನ್ನ ಸೋದರಳಿಯ ಆತುರಪಡಲಿಲ್ಲ. ಆರು ತಿಂಗಳು ತೊಟ್ಟಿಯಲ್ಲಿ ಬರಿಯ ನೀರು, ಮರಳು, ಕಲ್ಲುಗಳಿದ್ದವು. ಪಂಪಿನ ಬಾಯಿಗೆ ಜಾಲರಿ ಕಟ್ಟಿದ; ಬ್ಯಾಟರಿಯನ್ನು ಜೋಡಿಸಿದ. ಆಮೇಲೆ ಒಂದು ಸಿಗಡಿಯನ್ನೂ ಒಂದು ಗೋಬಿಯನ್ನೂ ತಂದ. ಮೊನ್ನೆ ಹೋದಾಗ ಎರಡೂ ಕಾಣಲಿಲ್ಲ. “ಎಲ್ಲ್ಯಾವೋ?” ಎಂದೆ. “ಒಳಗ ಅವ ಮಾಮಾ. ಅವಕ್ಕ ಬೇಕನಿಸಿದಾಗ ಬರ್ತಾವ” ಎಂದ. ನಾನು ಕುರ್ಚಿಯನ್ನು ಎಳೆದುಕೊಂಡು ತೊಟ್ಟಿಯ ಎದುರು ಕುಳಿತೆ. ಬಹಳ ಹೊತ್ತಿನ ಮೇಲೆ ಕಲ್ಲಿನ ಬುಡದಿಂದ ಒಂದಿಷ್ಟು ಮರಳು ಹೊರಬಿತ್ತು.