ಸಿಕ್ಕಿಹಾಕಿಕೊಂಡವನ ಹತ್ತಿರ ಎಷ್ಟು ಕೇಳಬಹುದು?

ಒಂದು ಪ್ರಶ್ನೆ ಕೇಳ್ತೀನಿ, ಒಂದು ನಿಮಿಷ ಯೋಚನೆ ಮಾಡಿ. ನಿಮ್ಮೆದುರು ಒಬ್ಬ ನಿಂತಿದ್ದಾನೆ. ಅವನಿಗೆ ಈಗಲೇ ಒಂದು ಕೆಲಸ ಆಗಬೇಕು. ಸುತ್ತಮುತ್ತ ಆ ಕೆಲಸ ಗೊತ್ತಿರೋದು ನಿಮಗೊಬ್ಬರಿಗೇ. ನೀವು ಎಷ್ಟು ಕೇಳಿದರೂ ಅವನು ಕೊಡ್ತಾನೆ, ಯಾಕಂದರೆ ಬೇರೆ ದಾರಿಯೇ ಇಲ್ಲ. ಹಾಗಾದರೆ ಎಷ್ಟು ಕೇಳೋದು ಸರಿ?

"ಅವನು ಕೊಡೋಕೆ ಒಪ್ಪಿದರೆ ಎಷ್ಟಾದರೂ ಸರಿ, ಯಾರೂ ಕುತ್ತಿಗೆ ಹಿಡಿದು ಕೇಳ್ತಿಲ್ಲವಲ್ಲ" ಅನ್ನೋದು ನನ್ನ ಆಫೀಸಿನ ಬಹಳಷ್ಟು ಜನರ ಉತ್ತರ. ಕೇಳೋಕೆ ಸರಿಯಾಗೇ ಇದೆ. ಆದರೆ ಇದಕ್ಕಿಂತ ಒಳ್ಳೆಯ ಉತ್ತರವೊಂದನ್ನ ಮೊಳಕಾಲ್ಮೂರಿನ ಒಬ್ಬ ಮೆಕ್ಯಾನಿಕ್ ಬಾಯಲ್ಲಿ ಕೇಳಿದ್ದೀನಿ. ಅದನ್ನ ನಿಮ್ಮ ಮುಂದೆ ಇಡೋಣ ಅಂತ ಈ ಬರಹ.

ಹೋದ ಡಿಸೆಂಬರಿನ ಒಂದು ಶನಿವಾರ ಬೆಂಗಳೂರಿಂದ ನಸುಕಿನಲ್ಲೇ ಬೈಕ್ ತೆಗೆದುಕೊಂಡು ಹೊರಟಿದ್ದೆ. ಹಿರಿಯೂರು, ಚಳ್ಳಕೆರೆ, ತಳಕು ದಾಟಿ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನ ಬೆಳಕಿಗೆ ತಂದರು ಅಂತ ಓದಿದ್ದೆ, ಕಣ್ಣಾರೆ ನೋಡೋ ಆಸೆ ಇತ್ತು. ನೋಡಿಕೊಂಡು ವಾಪಸ್ ಹೊರಟಾಗ ಮಧ್ಯಾಹ್ನ ಆಗ್ತಾ ಬಂದಿತ್ತು. ಮೊದಲು ಹಾರ್ನ್ ಕೆಮ್ಮಿದ ಹಾಗೆ ಸದ್ದು ಮಾಡ್ತು. ಆಮೇಲೆ ಇಂಡಿಕೇಟರ್ ಮಿಟುಕೋದು ಬಿಟ್ಟಿತು. ಸ್ವಲ್ಪ ದೂರ ಹೋಗೋದ್ರೊಳಗೆ ಮೀಟರ್ ಆರಿಹೋಗಿ ಎಂಜಿನ್ನೇ ನಿಂತಿತು.

ಹಳೇ ಆರ್‌ಎಕ್ಸ್ 100 ಆಗಿದ್ದರೆ ಬ್ಯಾಟರಿ ಸತ್ತರೂ ಒದ್ದು ಸ್ಟಾರ್ಟ್ ಮಾಡಿ ಊರು ಸೇರಬಹುದಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಬಹುಪಾಲು ಬೈಕುಗಳಿಗೆ ಫ್ಯೂಯೆಲ್ ಇಂಜೆಕ್ಷನ್. ಪೆಟ್ರೋಲ್ ಪಂಪ್ ತಿರುಗೋಕೆ, ಇಸಿಯು ಎಚ್ಚರ ಇರೋಕೆ, ಕಿಡಿ ಹಾರೋಕೆ ಎಲ್ಲಕ್ಕೂ ಕರೆಂಟೇ ಬೇಕು. ನನ್ನ ಬೈಕಿಗೆ ಕಿಕ್ಕರೂ ಇಲ್ಲ. ತಳ್ಳಿ ಗೇರ್ ಹಾಕಿ ನೋಡಿದೆ, ಜಗ್ಗಲಿಲ್ಲ. ಎರಡೂ ಕಡೆ ಶೇಂಗಾ ಕಿತ್ತು ಬೋಳಾದ ಹೊಲ, ನೆತ್ತಿ ಮೇಲೆ ಬಿಸಿಲು. ಕೊನೆಗೆ ಒಂದು ಲಗೇಜ್ ಆಟೊದವರು ಡೀಸೆಲ್‌ಗೆ ಅಂತ 200 ರೂಪಾಯಿ ತಗೊಂಡು ಬೈಕನ್ನ ಮೊಳಕಾಲ್ಮೂರಿಗೆ ಮುಟ್ಟಿಸಿದರು.

ಮೆಕ್ಯಾನಿಕ್‌ಗೆ ಐವತ್ತರ ಆಸುಪಾಸು. ಜೊತೆಗೆ ಕೆಲಸ ಕಲಿಯೋ ಹುಡುಗನೊಬ್ಬ. ಅವರು ಮೊದಲು ಮಲ್ಟಿಮೀಟರ್ ಹಚ್ಚಿದರು. ಬ್ಯಾಟರಿಯಲ್ಲಿ 11 ವೋಲ್ಟ್ ಕೂಡ ಇರಲಿಲ್ಲ. ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಎಂಜಿನ್ ಎಬ್ಬಿಸಿ, ವೈರ್ ಬಿಚ್ಚಿ ಎಕ್ಸಲೇಟರ್ ತಿರುಗಿಸಿದರು. ಎಂಜಿನ್ ಜೋರಾಗಿ ಓಡುವಾಗ ಮೀಟರ್ 14ರ ಹತ್ತಿರ ಬರಬೇಕು. ಅದು 12ರ ಕೆಳಗೇ ಇತ್ತು, ಇನ್ನೂ ಇಳೀತಾನೇ ಇತ್ತು. ಆಮೇಲೆ ಎಂಜಿನ್ ಒಳಗಿನ ಕಾಯಿಲ್‌ನಿಂದ ಬರೋ ಮೂರು ಹಳದಿ ವೈರುಗಳನ್ನ ಎರಡೆರಡಾಗಿ ಹಿಡಿದು ನೋಡಿದರು. ಮೂರು ಸಲವೂ ಒಂದೇ ಲೆಕ್ಕ ಬಂತು. ಅಂದರೆ ಕಾಯಿಲ್ ಕರೆಂಟ್ ಹುಟ್ಟಿಸ್ತಿದೆ, ಅದು ಬ್ಯಾಟರಿಗೆ ಮುಟ್ತಿಲ್ಲ. ಎಸಿಯನ್ನ ಡಿಸಿ ಮಾಡಿ ಹದಕ್ಕೆ ತರೋ ರೆಗ್ಯುಲೇಟರ್ ಸುಟ್ಟಿತ್ತು.

"ಬ್ಯಾಟ್ರಿದೇನೂ ತಪ್ಪಿಲ್ಲ ಸಾರ್, ಅದುಕ್ಕೆ ಊಟ ಬರ್ತಿಲ್ಲ ಅಷ್ಟೇ" ಅಂದರು.

ಈಗ ಅವರ ಜಾಗದಲ್ಲಿ ನಿಂತು ನೋಡಿ. ನನ್ನ ಬೈಕಿಗೆ ಹೊಂದೋ ಹೊಸ ಬ್ಯಾಟರಿ ಅವರ ಅಂಗಡಿಯಲ್ಲೇ ಇತ್ತು, ರೆಗ್ಯುಲೇಟರ್ ಇರಲಿಲ್ಲ. ಬ್ಯಾಟರಿ ಹಾಕಿದ್ದರೆ ಬೈಕ್ ಕೂಡಲೇ ಸ್ಟಾರ್ಟ್ ಆಗ್ತಿತ್ತು. ನಾನು ಕೇಳಿದಷ್ಟು ಕೊಟ್ಟು, ಕೈಮುಗಿದು ಹೊರಡ್ತಿದ್ದೆ. "ಹೊಸಾದು ಹಾಕಿ ಕಳಿಸ್ಬೋದು ಸಾರ್. ಚಳ್ಳಕೆರೆ ದಾಟ್ತೀರ, ಹಿರಿಯೂರು ಮುಟ್ಟಲ್ಲ" ಅಂದರು. ಲೆಕ್ಕ ಸರಿಯಾಗಿತ್ತು. 2017ರಿಂದ ಬರೋ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸೋ ಸ್ವಿಚ್ಚೇ ಇಲ್ಲ. ಚಾರ್ಜಿಂಗ್ ಇಲ್ಲದೆ ದೀಪ, ಪಂಪ್, ಇಸಿಯು ಎಲ್ಲ ಸೇರಿ ಹೊಸ ಬ್ಯಾಟರಿಯನ್ನ ಒಂದು ಗಂಟೆಯಲ್ಲಿ ನೆಕ್ಕಿ ಮುಗಿಸ್ತವೆ. ಆ ಹೊತ್ತಿಗೆ ನಾನು ಎಂಬತ್ತು ಕಿಲೋಮೀಟರ್ ಆಚೆ ಇನ್ನೊಬ್ಬ ಮೆಕ್ಯಾನಿಕ್‌ನ ಹುಡುಕ್ತಿರ್ತಿದ್ದೆ. ಇವರನ್ನ ಬೈಯೋಕೂ ವಾಪಸ್ ಬರ್ತಿರಲಿಲ್ಲ.

ಅವರು ಚಳ್ಳಕೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿದರು. ಎರಡು ಗಂಟೆ ಆದ ಮೇಲೆ ಬಸ್ಸಿನಲ್ಲಿ ಪೊಟ್ಟಣ ಬಂತು. ಹಳೇ ಬ್ಯಾಟರಿ ಅಷ್ಟು ಹೊತ್ತು ಚಾರ್ಜಿಗೆ ಕೂತಿತ್ತು. ರೆಗ್ಯುಲೇಟರ್ ಹಾಕಿ ಎಂಜಿನ್ ಎಬ್ಬಿಸಿದಾಗ ಮೀಟರ್ 14.1 ತೋರಿಸ್ತು. ಡಬ್ಬಿ ಮೇಲೆ ಅಚ್ಚಾಗಿದ್ದ ಬೆಲೆ 1,640, ಬಸ್ಸಿನವರಿಗೆ 50, ಕೆಲಸಕ್ಕೆ 200. ಒಟ್ಟು 1,890.

ನಾನು ಮನಸ್ಸಿನಲ್ಲಿ ಐದು ಸಾವಿರಕ್ಕೆ ತಯಾರಾಗಿ ಕೂತಿದ್ದೆ. "ಕೆಲಸಕ್ಕೆ ಇನ್ನೂರೇನಾ ಅಣ್ಣಾ?" ಅಂದೆ. ಅವರು ಕೈ ಒರೆಸಿಕೊಳ್ತಾ, "ಊರೋರ ಗಾಡಿಗೂ ಅಷ್ಟೇ ತಗೊಳ್ಳೋದು ಸಾರ್. ನೀವು ದೂರದಿಂದ ಬಂದು ಸಿಕ್ಕಾಕ್ಕೊಂಡಿದ್ದು ನಾ ಮಾಡಿದ್ ಕೆಲ್ಸ ಅಲ್ವಲ್ಲ, ಅದುಕ್ಯಾಕೆ ದುಡ್ಡು ಕೇಳ್ಲಿ?" ಅಂದರು.

ಈ ಮಾತು ಇವತ್ತಿಗೂ ತಲೇಲಿ ಓಡ್ತಾ ಇದೆ. ಕೇಳೋಕೆ ಸರಳ, ಆದರೆ ಒಳಗೊಂದು ಗಟ್ಟಿಯಾದ ವಾದ ಇದೆ. ನನ್ನ ಶ್ರಮ, ನನ್ನ ಸಮಯ, ನಾನು ಕಲಿತ ವಿದ್ಯೆ ನನ್ನವು, ಅವನ್ನ ಮಾರಬಹುದು. ನಿನ್ನ ಅಸಹಾಯಕತೆ ನನ್ನದಲ್ಲ. ನನ್ನದಲ್ಲದ್ದನ್ನ ನಾನು ಹೇಗೆ ಮಾರಲಿ?

ಯುರೋಪಿನಲ್ಲಿ 13ನೇ ಶತಮಾನದಲ್ಲಿದ್ದ ಥಾಮಸ್ ಅಕ್ವಿನಾಸ್ ಅನ್ನೋ ದಾರ್ಶನಿಕ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದಾನೆ. ಒಂದು ವಸ್ತುವನ್ನ ಬಿಟ್ಟುಕೊಡೋದರಿಂದ ಮಾರುವವನಿಗೇ ನಷ್ಟ ಆಗೋದಾದರೆ ಆ ನಷ್ಟವನ್ನ ಬೆಲೆಗೆ ಸೇರಿಸಬಹುದು. ಆದರೆ ಕೊಳ್ಳುವವನಿಗೆ ಅದರ ಅಗತ್ಯ ಜಾಸ್ತಿ ಅನ್ನೋ ಒಂದೇ ಕಾರಣಕ್ಕೆ ಬೆಲೆ ಏರಿಸೋ ಹಾಗಿಲ್ಲ, ಆ ಅಗತ್ಯ ಮಾರುವವನ ಸ್ವತ್ತಲ್ಲ. ಕೊಳ್ಳುವವನು ತಾನಾಗಿ ಹೆಚ್ಚು ಕೊಟ್ಟರೆ ಅದು ಅವನ ದೊಡ್ಡತನ ಅಂತಲೂ ಸೇರಿಸಿದ್ದಾನೆ. ನಾನು ಐನೂರರ ನೋಟು ಚಾಚಿದಾಗ ಮೆಕ್ಯಾನಿಕ್, "ನಿಮ್ ಖುಷಿಗೆ ಕೊಡೋದಾದ್ರೆ ಹುಡುಗನ ಕೈಗೆ ಕೊಡಿ" ಅಂದಿದ್ದರು. ಕೇಳೋದು ಬೇರೆ, ತಾನಾಗಿ ಕೊಡೋದು ಬೇರೆ ಅನ್ನೋದು ಅವರಿಗೆ ಸ್ಪಷ್ಟ ಇತ್ತು.

ಅಷ್ಟು ದೂರ ಯಾಕೆ, ಚಳ್ಳಕೆರೆ ತಾಲ್ಲೂಕಿನಲ್ಲೇ ನಾಯಕನಹಟ್ಟಿ ಇದೆ. ಅಲ್ಲಿನ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ಕತೆ ಆ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಸಂಜೆ ಕೂಲಿಯವರು ಮರಳು ಗುಡ್ಡೆ ಮಾಡಿದರೆ, ಅದರಲ್ಲಿ ಅವರವರು ಮಾಡಿದ ಕೆಲಸಕ್ಕೆ ತಕ್ಕಷ್ಟೇ ಕೂಲಿ ಸಿಗ್ತಿತ್ತಂತೆ. "ಮಾಡಿದಷ್ಟು ನೀಡು ಭಿಕ್ಷೆ" ಅನ್ನೋ ಮಾತನ್ನ ಜನ ಇವತ್ತಿಗೂ ಅವರ ಹೆಸರಿನ ಜೊತೆ ಹೇಳ್ತಾರೆ. ಅಲ್ಲೂ ಬೆಲೆ ಇರೋದು ಮಾಡಿದ ಕೆಲಸಕ್ಕೆ.

ಹಳ್ಳಿಯವರೆಲ್ಲ ಒಳ್ಳೆಯವರು, ಸಿಟಿಯವರೆಲ್ಲ ಕೆಟ್ಟವರು ಅನ್ನೋ ಕತೆ ನಾನು ಹೇಳ್ತಿಲ್ಲ. ನಮ್ಮದು ತಿಪಟೂರು ಕಡೆಯ ಹಳ್ಳಿ, ಕೊಬ್ಬರಿ ಸೀಮೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೊಬ್ಬರಿ ಇಟ್ಟು ಕಾಯೋ ತಾಕತ್ತಿದ್ದವರಿಗೆ ಒಳ್ಳೆ ರೇಟು. ಮಗಳ ಮದುವೆ, ಮಗನ ಫೀಸು, ಆಸ್ಪತ್ರೆ ಖರ್ಚು ಅಂತ ಅವಸರಕ್ಕೆ ಬಿದ್ದವರ ಮನೆ ಬಾಗಿಲಿಗೆ ವ್ಯಾಪಾರಿ ತಾನಾಗಿ ಬರ್ತಿದ್ದ. ಅವನು ಮೊದಲು ಕೇಳ್ತಿದ್ದದ್ದು ಕೊಬ್ಬರಿ ಎಷ್ಟಿದೆ ಅಂತಲ್ಲ, "ಮದ್ವೆ ಯಾವಾಗ ಗೌಡ್ರೇ?" ಅಂತ. ದಿನ ಹತ್ತಿರ ಇದ್ದಷ್ಟೂ ರೇಟು ಇಳೀತಿತ್ತು. ಕೊಬ್ಬರಿ ಮಾತ್ರ ಅದೇ ಕೊಬ್ಬರಿ.

ನಮ್ಮ ಊರಿನ ವ್ಯಾಪಾರಿ ಬಾಯಿಬಿಟ್ಟು ಕೇಳಿ ತಿಳ್ಕೊಳ್ತಿದ್ದ. ಈಗ ಅದನ್ನ ನಮ್ಮ ಫೋನ್ ಹೇಳಬಲ್ಲದು. 2016ರಲ್ಲಿ ಉಬರ್‌ನ ಆರ್ಥಿಕ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಕೀತ್ ಚೆನ್ ಅಮೆರಿಕದ ರೇಡಿಯೊ ಒಂದರಲ್ಲಿ ಕುತೂಹಲದ ಸಂಗತಿ ಹೇಳಿದರು. ಫೋನಿನ ಬ್ಯಾಟರಿ ಮುಗೀತಾ ಬಂದಾಗ ಜನ ಹೆಚ್ಚಿನ ದರಕ್ಕೂ ಸುಲಭವಾಗಿ ಒಪ್ಪಿಕೊಳ್ತಾರಂತೆ. ಈ ಮಾಹಿತಿಯನ್ನ ದರ ನಿಗದಿಗೆ ಬಳಸಲ್ಲ ಅಂತಲೂ ಅವರು ಹೇಳಿದರು. ಬಳಸಿದರೋ ಇಲ್ಲವೋ, ಪ್ರಶ್ನೆ ಅದಲ್ಲ. ಗಿರಾಕಿಯ ಬ್ಯಾಟರಿ 5 ಪರ್ಸೆಂಟ್‌ಗೆ ಬಂದಿದೆ, ಅವನು ಊರಾಚೆ ಇದ್ದಾನೆ, ರಾತ್ರಿ ಹನ್ನೊಂದಾಗಿದೆ ಅನ್ನೋದು ತಂತ್ರಾಂಶಕ್ಕೆ ಗೊತ್ತಾಗೋ ಕಾಲ ಇದು. ಅಂಥ ತಂತ್ರಾಂಶ ಬರೆಯೋರು ನಾನು, ನೀವು, ಪಕ್ಕದ ಡೆಸ್ಕಿನವರು. ನಮ್ಮ ಮೀಟಿಂಗುಗಳಲ್ಲಿ "ಕೊಡ್ತಾರಾ?" ಅನ್ನೋ ಪ್ರಶ್ನೆ ಎಷ್ಟೋ ಸಲ ಬರುತ್ತೆ. "ಕೇಳಬಹುದಾ?" ಅನ್ನೋದು ಅಷ್ಟಾಗಿ ಬರಲ್ಲ.

ಇದಕ್ಕೆ ಅರ್ಥಶಾಸ್ತ್ರದವರ ಉತ್ತರ ಒಂದಿದೆ, ಅದನ್ನ ತಳ್ಳಿಹಾಕೋಕಾಗಲ್ಲ. ಮಳೆ ಬಂದಾಗ ದರ ಏರಿದರೆ ಮನೇಲಿ ಕೂತ ಡ್ರೈವರ್ ಕೂಡ ಗಾಡಿ ತೆಗೀತಾನೆ, ಒಂದೇ ದರ ಅಂದರೆ ಗಾಡಿಯೇ ಸಿಗಲ್ಲ. ಒಪ್ಪೋಣ. ಮಳೆಯಲ್ಲಿ, ನೀರು ನಿಂತ ರಸ್ತೆಯಲ್ಲಿ ಗಾಡಿ ಓಡಿಸೋದು ಡ್ರೈವರ್‌ಗೆ ನಿಜವಾದ ಕಷ್ಟ, ಅದಕ್ಕೆ ಅವನು ಹೆಚ್ಚು ಕೇಳೋದು ನ್ಯಾಯ. ನನ್ನ ಮೆಕ್ಯಾನಿಕ್ ಕೂಡ ಮಧ್ಯರಾತ್ರಿ ಎದ್ದು ಬರಬೇಕಾಗಿದ್ದರೆ ಐನೂರು ಕೇಳಬಹುದಿತ್ತು. ಅದು ಅವರ ನಿದ್ದೆಯ ಬೆಲೆ. ಆದರೆ ಏರಿಸಿದ ಹಣ ಗಾಡಿ ಓಡಿಸಿದವನ ಕಷ್ಟಕ್ಕೆ ಹೋಗದೆ, ಕೂತವನ ಕಷ್ಟವನ್ನ ಅಳೆದು ಬಂದಿದ್ದರೆ ಅದು ನಮ್ಮೂರ ಕೊಬ್ಬರಿ ವ್ಯಾಪಾರಿಯ ಲೆಕ್ಕವೇ. ಸರ್ಕಾರಗಳೂ ಈ ಗೆರೆಯನ್ನ ಹುಡುಕ್ತಾನೇ ಇವೆ. ಆಪ್ ಟ್ಯಾಕ್ಸಿಗಳು ಬೇಡಿಕೆ ಹೆಚ್ಚಿದಾಗ ಮೂಲ ದರದ ಒಂದೂವರೆ ಪಟ್ಟಿನವರೆಗೆ ಕೇಳಬಹುದು ಅಂತ 2020ರ ಕೇಂದ್ರದ ಮಾರ್ಗಸೂಚಿ ಹೇಳಿತ್ತು, 2025ರಲ್ಲಿ ಅದು ಎರಡು ಪಟ್ಟಾಯ್ತು. ಕಾನೂನು ಒಂದು ಮಿತಿ ಹಾಕಬಹುದು. ಮಿತಿಯೊಳಗೆ ಯಾತಕ್ಕೆ ಕೇಳ್ತಿದ್ದೀವಿ ಅನ್ನೋದನ್ನ ನಾವೇ ನೋಡ್ಕೋಬೇಕು.

ಜನರಿಗೆ ಈ ವ್ಯತ್ಯಾಸ ಓದದೇ ಗೊತ್ತು. 1986ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಕಾನೆಮನ್, ನೆಚ್, ಥೇಲರ್ ಅನ್ನೋ ಮೂವರು ಕೆನಡಾದ ಜನರನ್ನ ಕೇಳಿದ್ದರು: ಅಂಗಡಿಯೊಂದು 15 ಡಾಲರಿಗೆ ಮಾರ್ತಿದ್ದ ಹಿಮ ಎತ್ತೋ ಸಲಿಕೆಯನ್ನ, ಹಿಮ ಸುರಿದ ಮಾರನೇ ದಿನ 20 ಡಾಲರ್ ಮಾಡಿದೆ, ಸರೀನಾ? 82 ಪರ್ಸೆಂಟ್ ಜನ ಅನ್ಯಾಯ ಅಂದರು. ಸಲಿಕೆ ಅದೇ, ಅಂಗಡಿಯವನ ಖರ್ಚೂ ಅದೇ. ಬದಲಾಗಿದ್ದು ಕೊಳ್ಳೋರ ಅವಸರ ಮಾತ್ರ.

ಅಲ್ಲಿಗೆ ಮೆಕ್ಯಾನಿಕ್ ಮಾತು ಬರೀ ಮಾರುವವರಿಗೆ ಅಂತ ಅಂದ್ಕೊಂಡ್ರೆ ನಾವು ಬಚಾವಾದ ಹಾಗೆ. ಕೊಳ್ಳೋ ಕಡೆ ನಿಂತಾಗಲೂ ಅದು ಅನ್ವಯ ಆಗುತ್ತೆ. ರಾತ್ರಿ ಎಂಟೂವರೆಗೆ ತಳ್ಳುಗಾಡಿಯಲ್ಲಿ ಉಳಿದ ಸೊಪ್ಪು ಬೆಳಗ್ಗೆಗೆ ಬಾಡುತ್ತೆ ಅಂತ ಮಾರೋ ಅಮ್ಮನಿಗೂ ಗೊತ್ತು, ನಮಗೂ ಗೊತ್ತು. ಸೊಪ್ಪು ಬಾಡಿದ್ದರೆ ಕಮ್ಮಿ ಕೇಳೋದು ಸರಿ. ಸೊಪ್ಪು ಚೆನ್ನಾಗೇ ಇದ್ದು, ಆಕೆಗೆ ಕೊನೇ ಬಸ್ ತಪ್ಪುತ್ತೆ ಅಂತ ಕಮ್ಮಿ ಕೇಳೋದು?

ನಮ್ಮ ಆಫೀಸುಗಳಲ್ಲಿ ಇದಕ್ಕಿಂತ ದೊಡ್ಡ ಚೌಕಾಸಿ ನಡೆಯುತ್ತೆ. ಸಂದರ್ಶನ ಮುಗಿದ ಮೇಲೆ ಎಚ್‌ಆರ್ ಕೇಳೋ ಪ್ರಶ್ನೆಗಳನ್ನ ಗಮನಿಸಿ. ಹಿಂದಿನ ಸಂಬಳ ಎಷ್ಟು? ಕೈಯಲ್ಲಿ ಬೇರೆ ಆಫರ್ ಇದೆಯಾ? ಈಗ ಕೆಲಸದಲ್ಲಿದ್ದೀರಾ? ಒಂದಕ್ಕೂ ಆ ಮನುಷ್ಯ ಬರೆಯೋ ಕೋಡ್‌ಗೂ ಸಂಬಂಧ ಇಲ್ಲ. "ಮದ್ವೆ ಯಾವಾಗ ಗೌಡ್ರೇ?" ಅಂತ ಕೇಳಿದ ಹಾಗೇ ಇದು. ಎಷ್ಟು ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಅಳೆಯೋ ಮೀಟರ್.

ಈ ಮಾರ್ಚ್‌ನಲ್ಲಿ ನಮ್ಮ ಟೀಮಿಗೆ ಇಬ್ಬರನ್ನ ಆರಿಸಿದ್ವಿ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಅನುಭವ, ನನ್ನ ಲೆಕ್ಕದಲ್ಲಿ ಒಂದೇ ಅಂಕ. ಒಬ್ಬರ ಕೈಯಲ್ಲಿ ಎರಡು ಆಫರ್ ಇತ್ತು. ಇನ್ನೊಬ್ಬರು ಲೇಆಫ್ ಆಗಿ ಏಳು ತಿಂಗಳಾಗಿತ್ತು, ಮನೆ ಸಾಲ ನಡೀತಿತ್ತು. "ಇವರು ಮೂವತ್ತು ಪರ್ಸೆಂಟ್ ಕಮ್ಮಿಗೂ ಬರ್ತಾರೆ" ಅಂತ ಮೇಲಿಂದ ಮೆಸೇಜ್ ಬಂತು. ಬರ್ತಾರೆ, ಅದರಲ್ಲಿ ಅನುಮಾನ ಇರಲಿಲ್ಲ. "ಕೆಲಸ ಇಬ್ಬರದೂ ಒಂದೇ, ಸಂಬಳವೂ ಒಂದೇ ಇರಲಿ. ಅವರಿಗೆ ಏಳು ತಿಂಗಳು ಕೆಲಸ ಇರಲಿಲ್ಲ ಅನ್ನೋದರಲ್ಲಿ ನಮ್ಮ ಪಾಲು ಏನೂ ಇಲ್ಲ" ಅಂತ ಉತ್ತರ ಬರೆದೆ. ಎರಡು ಸಲ ಮೀಟಿಂಗ್ ಆಯ್ತು, ಬಜೆಟ್ ಮಾತು ಬಂತು. ಕೊನೆಗೆ ಹತ್ತು ಪರ್ಸೆಂಟ್ ಕಮ್ಮಿಗೆ ನಿಂತಿತು. ಆ ಹತ್ತನ್ನ ಮುಂದಿನ ಅಪ್ರೈಸಲ್‌ನಲ್ಲಿ ಕೇಳಬೇಕು ಅಂತ ಕ್ಯಾಲೆಂಡರ್‌ನಲ್ಲಿ ಹಾಕ್ಕೊಂಡಿದ್ದೀನಿ.